ಮೊದಲು ಕೊಳೆ, ಆಮೇಲೆ ಗಾಳಿ: ಹಳೆಯ ಮಾಜ್ದಾ ಎಂಎಕ್ಸ್-5ರ ಬಾನೆಟ್ ಕೆಳಗೆ ಎರಡು ದಿನ

ಈ ಕಾರಿನ ರೇಡಿಯೇಟರಿನ ಮೇಲ್ತೊಟ್ಟಿ ಕಪ್ಪು ಪ್ಲಾಸ್ಟಿಕ್ಕಿನದು. ನನ್ನ 1992ರ ಎಂಎಕ್ಸ್-5ರಲ್ಲಿಯೂ ಅದು ಕಪ್ಪಾಗಿಯೇ ಇದೆ ಎಂದು ಎರಡು ವರ್ಷ ನಂಬಿಕೊಂಡಿದ್ದೆ. ಒಂದು ಶನಿವಾರ ಅದರ ಮೇಲೆ ಕೂತಿದ್ದ ಎಣ್ಣೆ-ಧೂಳಿನ ಪದರವನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಕೆಳಗೆ ಕಂಡದ್ದು ಹಸಿರು ಬೆರೆತ ಕಂದು ಬಣ್ಣ. ಈ ಕಾರನ್ನು ಬಲ್ಲವರಿಗೆ ಆ ಬಣ್ಣದ ಅರ್ಥ ಗೊತ್ತು. ಮೂವತ್ತು ವರ್ಷ ಕಾದು, ಆರಿ, ಮತ್ತೆ ಕಾದ ಪ್ಲಾಸ್ಟಿಕ್ ತನ್ನ ಸತ್ವ ಕಳೆದುಕೊಂಡಿದೆ. ಯಾವ ದಿನ ಬೇಕಾದರೂ ಬಿರುಕು ಬಿಡಬಹುದು. ಕೊಳೆ ಆ ಸುದ್ದಿಯನ್ನು ಅಷ್ಟು ಕಾಲ ಮುಚ್ಚಿಟ್ಟುಕೊಂಡಿತ್ತು.

ಆ ದಿನದಿಂದ ಕೂಲಂಟ್, ಅಂದರೆ ಎಂಜಿನ್ನಿನ ಬಿಸಿಯನ್ನು ರೇಡಿಯೇಟರಿಗೆ ಹೊತ್ತೊಯ್ಯುವ ದ್ರವ, ಮುಟ್ಟುವ ಮೊದಲು ಬಾನೆಟ್ ಕೆಳಗಿನದನ್ನೆಲ್ಲ ಶುಚಿ ಮಾಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹೊಳೆಯುವ ಎಂಜಿನ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಹೊಸ ಕೂಲಂಟ್ ತುಂಬಿದ ಮರುದಿನ ಯಾವುದೋ ಮೂಲೆಯಲ್ಲಿ ಒಂದೇ ಒಂದು ಹನಿ ಜಿನುಗಿದರೂ ಅದು ಕಣ್ಣಿಗೆ ಬೀಳಬೇಕು, ಅದು ನನ್ನ ಆಸೆ. ಆದ್ದರಿಂದ ಶನಿವಾರ ಶುಚಿ ಕೆಲಸ, ಭಾನುವಾರ ಕೂಲಂಟ್. ಈ ಎರಡನ್ನು ತಿರುವುಮುರುವು ಮಾಡಬೇಡಿ.

ಕಾರಿನ ಬಗ್ಗೆ ಎರಡು ಮಾತು. ನಮ್ಮ ಊರುಗಳಲ್ಲಿ ಮಾಜ್ದಾ ಎಂದರೆ ಜನರಿಗೆ ನೆನಪಾಗುವುದು ಸ್ವರಾಜ್ ಮಾಜ್ದಾ ಮಿನಿ ಬಸ್ಸು. ಎಂಎಕ್ಸ್-5 ಅದೇ ಹಿರೋಷಿಮಾದ ಕಂಪನಿಯ ಎರಡೇ ಸೀಟಿನ, ಚಾವಣಿ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. 1989ರಲ್ಲಿ ಚಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ತೆರೆ ಕಂಡಿತು. ಅಮೆರಿಕದಲ್ಲಿ ಇದನ್ನು ಮಿಯಾಟ ಎಂದೇ ಕರೆಯುತ್ತಾರೆ. ಮೊದಲ ತಲೆಮಾರಿನ ಕಾರುಗಳು 1997ರವರೆಗೆ ಬಂದವು. ನನ್ನದರಲ್ಲಿ 1597 ಸಿಸಿಯ 1.6 ಲೀಟರ್ ಎಂಜಿನ್ ಇದೆ. 1994ರ ಮಾದರಿಯಿಂದ 1.8 ಲೀಟರ್ ಬಂತು. ಎರಡರಲ್ಲೂ ಎಂಜಿನ್ನಿನ ಕೆಳಗಿನ ಮುಖ್ಯ ಒಡಲಾದ ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಈ ಜೋಡಿಯ ಮಾತು ಮುಂದೆ ಬರುತ್ತದೆ. ಕೂಲಂಟ್ ಹಿಡಿಯುವುದು ಒಟ್ಟು 6 ಲೀಟರ್. ನಾನಿರುವುದು ಮಿಷಿಗನ್ನಿನಲ್ಲಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು. ಬಾನೆಟ್ ಕೆಳಗೆ ಏನೇನು ಸೇರಿಕೊಳ್ಳುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಶನಿವಾರ: ಕೊಳೆ

ಎಂಜಿನ್ ಪೂರ್ತಿ ತಣ್ಣಗಿರಲಿ. ಮೊದಲು ಮೊಬೈಲಿನಲ್ಲಿ ಹತ್ತಿಪ್ಪತ್ತು ಚಿತ್ರ ತೆಗೆದುಕೊಳ್ಳಿ: ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕ್ಲಿಪ್ ಯಾವ ಕಡೆ ಮುಖ ಮಾಡಿದೆ. ಸಂಜೆ ಐದು ಗಂಟೆಗೆ ಕೈಯಲ್ಲಿ ಒಂದು ಕ್ಲಿಪ್ ಉಳಿದಾಗ ಆ ಚಿತ್ರಗಳ ಬೆಲೆ ತಿಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬಾನೆಟ್ ಕೆಳಗೆ ಬ್ಯಾಟರಿ ಹುಡುಕಬೇಡಿ. ಕಾರಿನ ತೂಕ ಮುಂದೆ-ಹಿಂದೆ ಸಮನಾಗಲೆಂದು ಮಾಜ್ದಾದವರು ಅದನ್ನು ಡಿಕ್ಕಿಯಲ್ಲಿ ಇಟ್ಟಿದ್ದಾರೆ.

ನೀರು ತಾಗಿಸುವ ಮೊದಲು ಒಣ ಕೆಲಸ ಮುಗಿಸಬೇಕು. ಗಾಜಿನ ಬುಡದಲ್ಲಿ, ವೈಪರ್ ಇರುವ ಕಡೆ ಸೇರಿದ ಎಲೆ-ಕಡ್ಡಿಗಳನ್ನು ಕೈಯಿಂದ ಎತ್ತಿ ತೆಗೆಯಿರಿ. ಅಲ್ಲಿ ಎಲೆ ಕೊಳೆತರೆ ಮಳೆನೀರು ಇಳಿಯುವ ದಾರಿ ಕಟ್ಟಿಕೊಂಡು ತುಕ್ಕು ಶುರುವಾಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ಉದುರಿಸಿ, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದುಕೊಳ್ಳಿ.

ಏರ್ ಫಿಲ್ಟರ್ ಪೆಟ್ಟಿಗೆಯಿಂದ ಎಂಜಿನ್ನಿನ ಮುಂದೆ ಹಾದು ಆಚೆ ಬದಿಗೆ ಹೋಗುವ ದಪ್ಪ ಗಾಳಿಕೊಳವೆಯನ್ನು ಬಿಚ್ಚಿಟ್ಟರೆ ಮುಂಭಾಗದಲ್ಲಿ ಕೈ ಆಡಿಸಲು ಜಾಗ ಸಿಗುತ್ತದೆ. ತೆರೆದ ಬಾಯಿಗೆ ದೊಡ್ಡದೊಂದು ಬಣ್ಣದ ಬಟ್ಟೆ ತುರುಕಿ. ಸಣ್ಣ ಬಿಳಿ ಚಿಂದಿ ಬೇಡ. ಮರೆತು ಎಂಜಿನ್ ಚಾಲೂ ಮಾಡಿದರೆ ಅದು ಒಳಗೆ ಹೋಗುತ್ತದೆ. ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಎಂಜಿನ್ನಿನ ಹಿಂಭಾಗದಲ್ಲಿರುವ ಇಗ್ನಿಷನ್ ಕಾಯಿಲ್, ಈ ಮೂರಕ್ಕೂ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಪ್ರೆಷರ್ ವಾಷರ್ ಬೇಡ, ಖಂಡಿತ ಬೇಡ. ಈ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳು ಎಂಜಿನ್ನಿನ ಮೇಲ್ಮುಚ್ಚಳವಾದ ಕ್ಯಾಮ್ ಕವರಿನ ನಡುವೆ ಆಳವಾದ ಬಾವಿಗಳಲ್ಲಿ ಕೂತಿವೆ. ಅಲ್ಲಿಗೆ ಇಳಿದ ನೀರು ತಾನಾಗಿ ಮೇಲೆ ಬರುವುದಿಲ್ಲ. ಮರುದಿನ ಎಂಜಿನ್ ಒಂದು ಸಿಲಿಂಡರ್ ಸತ್ತಂತೆ ಕುಂಟುತ್ತದೆ, ನೀವು ಇಲ್ಲದ ಕಾಯಿಲೆಗೆ ಔಷಧ ಹುಡುಕುತ್ತೀರಿ. ಮೂವತ್ತು ವರ್ಷದ ವೈರ್ ಕನೆಕ್ಟರುಗಳ ರಬ್ಬರ್ ಕೂಡ ಆ ಒತ್ತಡಕ್ಕೆ ನಿಲ್ಲುವುದಿಲ್ಲ. ನನ್ನ ಬಳಿ ಇರುವುದು ಗಿಡಗಳಿಗೆ ನೀರು ಚಿಮುಕಿಸುವ ಎರಡು ಬಾಟಲಿಗಳು: ಒಂದರಲ್ಲಿ ನೀರು ಬೆರೆಸಿದ ಜಿಡ್ಡು ತೆಗೆಯುವ ದ್ರಾವಣ, ಇನ್ನೊಂದರಲ್ಲಿ ಬರೀ ನೀರು. ಇಡೀ ಎಂಜಿನ್ನಿಗೆ ಇಷ್ಟೇ ಸಾಕು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸೀಮೆಎಣ್ಣೆ ಅಥವಾ ಡೀಸೆಲ್ ಹೊಡೆದು ಎಂಜಿನ್ ತೊಳೆಯುವುದನ್ನು ನೋಡಿ ಬೆಳೆದವನು ನಾನು. ಜಿಡ್ಡು ಹೋಗುತ್ತದೆ ನಿಜ. ಆದರೆ ಅದೇ ಎಣ್ಣೆ ರಬ್ಬರ್ ಹೋಸುಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಉಳಿದರೆ ಬೆಂಕಿಗೂ ದಾರಿಯಾಗುತ್ತದೆ. ನೀರಿನಲ್ಲಿ ಕರಗುವ ದ್ರಾವಣವನ್ನೇ ಬಳಸಿ. ಅದರಲ್ಲೂ ಕಾಸ್ಟಿಕ್ ಸೋಡಾ ಇರುವಂಥದ್ದು ಬೇಡ, ಅಲ್ಯೂಮಿನಿಯಂ ಕ್ಯಾಮ್ ಕವರ್ ಮೇಲೆ ಬಿಳಿಚಿದ ಕಲೆ ಬಿದ್ದರೆ ಹೋಗುವುದಿಲ್ಲ. ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳನ್ನು ನೆನಪಿಸುವ ಆ ಕವರಿನ ಅಂದವನ್ನು ಕೆಡಿಸಿಕೊಳ್ಳಬಾರದು.

ಒಂದೊಂದು ಅಂಗೈಯಗಲ ಜಾಗಕ್ಕೆ ಚಿಮುಕಿಸಿ, ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಮೇಲಿನಿಂದ ಕೆಳಕ್ಕೆ ಬನ್ನಿ. ಕೆಳಗೆ ಅಗಲವಾದ ತಟ್ಟೆ ಇಡಿ. ಎಣ್ಣೆ ಬೆರೆತ ನೀರು ಚರಂಡಿಗೆ ಹೋಗಬಾರದು.

ಉಜ್ಜುವ ಕೈ ಅವಸರ ಮಾಡದಿರಲಿ, ಏಕೆಂದರೆ ಈ ಹೊತ್ತಿನಲ್ಲಿಯೇ ಎಂಜಿನ್ ತನ್ನ ಕಥೆ ಹೇಳುವುದು. ಹೆಡ್ಡಿನ ಹಿಂಭಾಗದಲ್ಲಿ, ಕ್ಯಾಬಿನ್ ಗೋಡೆಯ ಕಡೆ ಎಣ್ಣೆಯ ತೇವ ಕಂಡರೆ ಅದು ಕ್ಯಾಮ್ ಆ್ಯಂಗಲ್ ಸೆನ್ಸರಿನ ಓ-ರಿಂಗ್ ಇರಬಹುದು; ಗಟ್ಟಿಯಾಗಿ ಒಡೆದುಹೋದ ಆ ಪುಟ್ಟ ರಬ್ಬರ್ ಉಂಗುರ ಈ ಕಾರುಗಳ ಹಳೆಯ ಉಪದ್ರವ. ಕ್ಯಾಮ್ ಕವರಿನ ಅಂಚಿನ ಉದ್ದಕ್ಕೂ ತೇವ ಇದ್ದರೆ ಅದರ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರುವ ಪಟ್ಟಿ) ಬದಲಿಸುವ ಕಾಲ. ಹೋಸು ಕೊಳವೆಗೆ ಸೇರುವ ಕಡೆ ಬಿಳಿ ಅಥವಾ ಹಸಿರು ಹಕ್ಕಳೆ ಕಟ್ಟಿದ್ದರೆ ಅಲ್ಲಿ ಕೂಲಂಟ್ ಜಿನುಗಿ, ನೀರಿನಂಶ ಆರಿ, ಉಳಿದದ್ದು ಒಣಗಿದೆ ಎಂದು ಅರ್ಥ. ಒರೆಸುವ ಮೊದಲು ಆ ಜಾಗಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಒಮ್ಮೆ ಒರೆಸಿದರೆ ಸಾಕ್ಷ್ಯ ಹೋಯಿತು.

ಒಂದೊಂದು ಹೋಸನ್ನೂ ಹೆಬ್ಬೆರಳು-ತೋರುಬೆರಳಿನ ನಡುವೆ ಹಿಂಡಿ ನೋಡಿ. ಆರೋಗ್ಯವಾದ ರಬ್ಬರ್ ಒತ್ತಿದರೆ ಬಗ್ಗಿ, ಬಿಟ್ಟರೆ ಮರಳುತ್ತದೆ. ಮರದಂತೆ ಗಟ್ಟಿಯಿದ್ದರೂ ಹಿಟ್ಟಿನಂತೆ ಮೆತ್ತಗಿದ್ದರೂ ಬದಲಿಸಿ. ರೇಡಿಯೇಟರಿನ ಎರಡು ದೊಡ್ಡ ಹೋಸುಗಳನ್ನು ಎಲ್ಲರೂ ನೋಡುತ್ತಾರೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕೆಳಗೆ ಹೋಗುವ ಬೆರಳು ಗಾತ್ರದ ಸಣ್ಣ ಹೋಸುಗಳನ್ನೂ, ಎಂಜಿನ್ ಹಿಂದಿನಿಂದ ಹೀಟರಿಗೆ ಹೋಗುವ ಎರಡನ್ನೂ ಮರೆಯಬಾರದು. ಕೂಲಂಟ್ ಸೋರಿ ಎಂಜಿನ್ ಕೆಡಲು ಸಣ್ಣ ಹೋಸು ಒಂದೇ ಸಾಕು.

ತಂತಿಗಳನ್ನು ಜೋಡಿಸುವಾಗ ನನ್ನ ನಿಯಮ ಒಂದೇ: ಕಾರ್ಖಾನೆಯವರು ಎಳೆದ ದಾರಿಗೇ ವಾಪಸು ತರುವುದು. ಹಿಂದಿನ ಮಾಲೀಕರು ಅಲಾರಂ, ಸ್ಟೀರಿಯೊ ಎಂದು ಸೇರಿಸಿದ ತಂತಿಗಳು ಇದ್ದೇ ಇರುತ್ತವೆ. ಎರಡೂ ತುದಿ ಕಣ್ಣಾರೆ ಕಾಣುವವರೆಗೆ ಯಾವುದನ್ನೂ ಕತ್ತರಿಸಬೇಡಿ. ಒಡೆದ ಸುಕ್ಕುಗೊಳವೆಗಳನ್ನು ಬದಲಿಸಿ, ವೈರಿಂಗಿಗೆಂದೇ ಸಿಗುವ ಬಟ್ಟೆಯ ಟೇಪ್ ಸುತ್ತಿ. ಸಾಮಾನ್ಯ ಇನ್ಸುಲೇಷನ್ ಟೇಪ್ ಸುತ್ತಿದರೆ ಬಿಸಿಗೆ ಅಂಟು ಕರಗಿ ಮತ್ತೆ ಕೊಳೆ ಹಿಡಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ತಂತಿಯಾಗಲಿ ಹೋಸಾಗಲಿ ಕನಿಷ್ಠ ನಾಲ್ಕು ಬೆರಳಿನಷ್ಟು ದೂರವಿರಲಿ. ಕೇಬಲ್ ಟೈಗಳ ಬಾಲವನ್ನು ಬುಡಕ್ಕೆ ಸಮವಾಗಿ ಕತ್ತರಿಸಿ. ಅರ್ಧ ಉಳಿದ ಬಾಲ ಮುಂದಿನ ಸಲ ಮೊಣಕೈಯನ್ನು ಬ್ಲೇಡಿನಂತೆ ಸೀಳುತ್ತದೆ.

ಎಲ್ಲ ಮುಗಿದ ಮೇಲೆ ಚೀಲಗಳನ್ನೂ ಆ ಬಣ್ಣದ ಬಟ್ಟೆಯನ್ನೂ ತೆಗೆದು, ಗಾಳಿಕೊಳವೆಯನ್ನು ಮತ್ತೆ ಜೋಡಿಸಿ, ಬಾನೆಟ್ ತೆರೆದಿಟ್ಟು ಬಿಸಿಲಿಗೆ ಒಣಗಲು ಬಿಡಿ.

ಭಾನುವಾರ: ಹಳೆಯದನ್ನು ಬಸಿಯುವುದು

ಚಿಕ್ಕಂದಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ನಾವಿದ್ದ ಬಾಡಿಗೆ ಕಾರು ಕುದಿದು ನಿಂತಿತ್ತು. ಚಾಲಕರು ಒದ್ದೆ ಗೋಣಿ ಹೊದಿಸಿ ರೇಡಿಯೇಟರ್ ಮುಚ್ಚಳ ತಿರುಗಿಸಿದ್ದೇ ತಡ, ಬಿಸಿನೀರು ಒಂದಾಳೆತ್ತರ ಚಿಮ್ಮಿತು. ಅವರ ಮುಂಗೈ ಸುಟ್ಟದ್ದು ಇಂದಿಗೂ ಕಣ್ಣ ಮುಂದಿದೆ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒಟ್ಟಿಗೇ ಆವಿಯಾಗುತ್ತದೆ. ಮೇಲಿನ ಹೋಸನ್ನು ಬರಿಗೈಯಲ್ಲಿ ಆರಾಮವಾಗಿ ಹಿಡಿದುಕೊಳ್ಳಲು ಆಗುವವರೆಗೆ ಮುಚ್ಚಳವನ್ನು ಮುಟ್ಟಬೇಡಿ.

ಇನ್ನೊಂದು ಎಚ್ಚರಿಕೆ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಂಬಂಧಿಸಿದ್ದು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ-ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಕುತ್ತು. ಬಸಿದದ್ದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ಏನೆಂದು ಬರೆದು, ಸ್ಥಳೀಯ ಆಡಳಿತದ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ. ಚೆಲ್ಲಿದ ಕಡೆ ತಕ್ಷಣ ನೀರು ಹಾಕಿ ಒರೆಸಿಬಿಡಿ.

ಕಾರಿನ ಮುಂಭಾಗವನ್ನು ರ‍್ಯಾಂಪ್ ಮೇಲೆ ಏರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದೂ ತಲೆ ಹಾಕಬೇಡಿ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಬೋಲ್ಟುಗಳನ್ನು ಬಿಚ್ಚಿದರೆ ರೇಡಿಯೇಟರಿನ ತಳದ ಬಸಿಯುವ ತಿರುಪು ಕಾಣುತ್ತದೆ. ಅದೂ ಪ್ಲಾಸ್ಟಿಕ್ಕೇ, ನಿಧಾನವಾಗಿ ತಿರುಗಿಸಿ. ಕೆಳಗೆ ದೊಡ್ಡ ಬೇಸನ್ ಇಟ್ಟು, ತಿರುಪು ಸಡಿಲಿಸಿ, ಆಮೇಲೆ ಮೇಲಿನ ಮುಚ್ಚಳ ತೆಗೆಯಿರಿ. ಆಗ ಧಾರೆ ಒಮ್ಮೆಲೇ ದಪ್ಪವಾಗುತ್ತದೆ. ಬಂದದ್ದನ್ನು ಅಳೆದು ಬರೆದಿಟ್ಟುಕೊಳ್ಳಿ. 6 ಲೀಟರ್ ಬರುವುದಿಲ್ಲ, ಬ್ಲಾಕಿನಲ್ಲಿ ಮತ್ತು ಹೀಟರಿನಲ್ಲಿ ಗಣನೀಯ ಪಾಲು ಉಳಿದುಕೊಳ್ಳುತ್ತದೆ. ಈ ಲೆಕ್ಕ ಮುಂದೆ ಬೇಕು.

ಬಂದ ದ್ರವ ತಿಳಿಯಾದ ಹಸಿರಾಗಿದ್ದರೆ ಸಂತೋಷ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಮುಳುಗಿದ್ದಾಗ ಲೋಹ ಸವೆಯುವ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಅದನ್ನು ತಡೆಯುವ ಪದಾರ್ಥಗಳು ಕೂಲಂಟಿನಲ್ಲಿರುತ್ತವೆ, ಮತ್ತು ಅವು ವರ್ಷ ಕಳೆದಂತೆ ತೀರಿಹೋಗುತ್ತವೆ. ಚಳಿಯೇ ಇಲ್ಲದ ಊರಿನಲ್ಲಿ ಕೂಲಂಟ್ ಏಕೆ ಎಂದು ಕೇಳುವ ಸ್ನೇಹಿತರಿಗೆ ನಾನು ಹೇಳುವ ಉತ್ತರ ಇದೇ. ಕೋಲಾರದ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಸ್ನಾನದ ಮನೆಯ ಗೀಸರಿನಲ್ಲಿ ಕಟ್ಟುವ ಸುಣ್ಣವೇ ಅದರ ಸಣ್ಣ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಮಿಷಿಗನ್ ಇರಲಿ ಮಾಲೂರು ಇರಲಿ, ಬಟ್ಟಿ ಇಳಿಸಿದ ನೀರೇ ಆಗಬೇಕು.

ರೇಡಿಯೇಟರಿನಿಂದ ಉಕ್ಕಿದ ಕೂಲಂಟ್ ಸೇರುವ ಪಕ್ಕದ ಪ್ಲಾಸ್ಟಿಕ್ ತೊಟ್ಟಿಯನ್ನೂ ಬಿಚ್ಚಿ ತೊಳೆಯಿರಿ. ತಳದ ಕೆಸರು ಬ್ರಷ್ಷಿಗೆ ಸಿಗುವುದಿಲ್ಲ. ಅಜ್ಜಿ ಹಾಲಿನ ಬಾಟಲಿ ತೊಳೆಯುತ್ತಿದ್ದಂತೆ ಒಂದು ಹಿಡಿ ಅಕ್ಕಿ, ಸ್ವಲ್ಪ ಬಿಸಿನೀರು, ಎರಡು ಹನಿ ಸಾಬೂನು ಹಾಕಿ ಕುಲುಕಿದರೆ ಸಾಕು. ಆಮೇಲೆ ಒಂದು ಕಾಳೂ ಉಳಿಯದಂತೆ ನಾಲ್ಕಾರು ಸಲ ಜಾಲಾಡಿಸಿ.

ಹಳೆಯ ಕೂಲಂಟ್ ಕೆಟ್ಟಿದ್ದರೆ ಬರೀ ಬಟ್ಟಿ ಇಳಿಸಿದ ನೀರು ತುಂಬಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ತಣಿಸಿ, ಮತ್ತೆ ಬಸಿಯಿರಿ. ತಿಳಿನೀರು ಬರುವವರೆಗೆ ಇದನ್ನು ಮಾಡಬೇಕು. ನನಗೆ ಮೂರು ಸಲ ಬೇಕಾಯಿತು. ನನ್ನಂತೆ ರೇಡಿಯೇಟರ್ ಬದಲಿಸುವವರಿದ್ದರೆ ಈಗಲೇ ಸರಿಯಾದ ಸಮಯ. ಅಂಟಿಕೊಂಡ ಹಳೆಯ ಹೋಸುಗಳನ್ನು ಸ್ಕ್ರೂಡ್ರೈವರಿನಿಂದ ಮೀಟದೆ ಉದ್ದಕ್ಕೆ ಸೀಳಿ ತೆಗೆಯಿರಿ. ಹೋಸಿಗೆ ಎಷ್ಟಾದರೂ ಬದಲಿ ಸಿಗುತ್ತದೆ. ಅದು ಕೂರುವ ಕತ್ತು ಮುರಿದರೆ ಕಷ್ಟ. ಕಾರ್ಖಾನೆಯ ಸ್ಪ್ರಿಂಗ್ ಕ್ಲಿಪ್ಪುಗಳು ಚೆನ್ನಾಗಿದ್ದರೆ ಅವನ್ನೇ ಮರುಬಳಸುತ್ತೇನೆ. ರಬ್ಬರ್ ಬಿಸಿಗೆ ಉಬ್ಬಿ ತಂಪಿಗೆ ಕುಗ್ಗಿದಂತೆ ಅವೂ ಜೊತೆಗೇ ಸರಿದುಕೊಂಡು ಹಿಡಿತ ಕಾಯುತ್ತವೆ.

ತುಂಬುವುದು, ಗಾಳಿ ತೆಗೆಯುವುದು

ಅಳತೆ ಮೊದಲು. ಅರ್ಧ ಕೂಲಂಟ್, ಅರ್ಧ ನೀರು ಬೆರೆಸಿದ ದ್ರವ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕೂಲಂಟ್ ಹೆಚ್ಚಾದಷ್ಟೂ ಒಳ್ಳೆಯದೆಂಬ ತಿಳಿವಳಿಕೆ ತಪ್ಪು. ಬರೀ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ, ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರಿಗಿಂತ ಹಿಂದೆ. ಇಲ್ಲಿ ಒಂದು ಮೋಸವಿದೆ. ಬರೀ ನೀರಿನಿಂದ ತೊಳೆದ ಮೇಲೆ ಬ್ಲಾಕಿನಲ್ಲಿ ನೀರು ಉಳಿದಿರುತ್ತದೆ. ಅಂಗಡಿಯಲ್ಲಿ ಸಿಗುವ ಬೆರೆಸಿಟ್ಟ ಕೂಲಂಟನ್ನು ಅದರ ಮೇಲೆ ಸುರಿದರೆ ಒಟ್ಟಾರೆ ತೆಳುವಾಗುತ್ತದೆ. ಆದ್ದರಿಂದ ಬೆರೆಸದ ಕೂಲಂಟ್ 3 ಲೀಟರ್ ಮೊದಲು ಹಾಕಿ, ಮಿಕ್ಕ ಜಾಗಕ್ಕೆ ಬಟ್ಟಿ ಇಳಿಸಿದ ನೀರು ತುಂಬಿ. 6 ಲೀಟರಿನ ಅರ್ಧ ಸರಿಯಾಗಿ ಕೂರುತ್ತದೆ. ಕೊಳ್ಳುವಾಗ ಅಲ್ಯೂಮಿನಿಯಂ ಹೆಡ್ಡಿಗೆ ಹೊಂದುವ ಎಥಿಲೀನ್ ಗ್ಲೈಕಾಲ್ ಕೂಲಂಟ್ ಎಂದು ಡಬ್ಬಿಯ ಮೇಲೆ ಓದಿ ನೋಡಿ. ಬಣ್ಣವನ್ನು ನಂಬಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಬಗೆಗಳು ಬರುತ್ತವೆ.

ಇನ್ನು ಗಾಳಿ. ಖಾಲಿಯಾದ ಕೊಳವೆಗಳಲ್ಲಿ ನೀರು ಸುರಿದಾಗ ಎತ್ತರದ ತಿರುವುಗಳಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಗಾಳಿಗುಳ್ಳೆ ಇರುವ ಕಡೆ ಲೋಹಕ್ಕೆ ನೀರು ತಾಗುವುದಿಲ್ಲ. ಅಲ್ಲಿ ಹೆಡ್ ಅತಿಯಾಗಿ ಕಾಯುತ್ತದೆ, ಹತ್ತಿರದ ನೀರು ಆವಿಯಾಗಿ ಗುಳ್ಳೆ ಇನ್ನೂ ಬೆಳೆಯುತ್ತದೆ. ತಾಪಮಾನದ ಸೆನ್ಸರ್ ಆ ಗುಳ್ಳೆಯಲ್ಲೇ ಸಿಕ್ಕಿಕೊಂಡರೆ ಮುಳ್ಳು ತೋರಿಸುವುದೂ ಸುಳ್ಳು. ಎಂಎಕ್ಸ್-5ರಲ್ಲಿ ಇದಕ್ಕೊಂದು ಹಿನ್ನೆಲೆಯಿದೆ. ಈ ಎಂಜಿನ್ನಿನ ಕುಟುಂಬ ಮಾಜ್ದಾ 323ರಂಥ ಕಾರುಗಳಲ್ಲಿ ಅಡ್ಡಲಾಗಿ ಕೂರುತ್ತಿತ್ತು. ಅಲ್ಲಿ ನೀರು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರುತ್ತಿತ್ತು. ಇಲ್ಲಿ ಎಂಜಿನ್ ಉದ್ದಕ್ಕೆ ಕೂತದ್ದರಿಂದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರಿಗೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಮುಂಭಾಗಕ್ಕೆ ಬಂತು. ಪಂಪೂ ಮುಂದೆ, ಹೊರದಾರಿಯೂ ಮುಂದೆ. ಹಿಂದಿನ ನಾಲ್ಕನೆಯ ಸಿಲಿಂಡರಿನ ಕಡೆಗೆ ನೀರನ್ನು ಎಳೆಯುವುದು ಮುಖ್ಯವಾಗಿ ಹೀಟರಿನ ಹೋಸು. ಆದ್ದರಿಂದ ಹೀಟರಿನ ದಾರಿಯಲ್ಲಿ ಗಾಳಿ ಉಳಿಯದಂತೆ ನೋಡಿಕೊಳ್ಳುವುದಕ್ಕೆ ನಾನು ಅಷ್ಟು ಮಹತ್ವ ಕೊಡುತ್ತೇನೆ.

ಗಾಳಿ ಮೇಲಕ್ಕೇ ಹೋಗುವುದು. ಇಡೀ ವ್ಯವಸ್ಥೆಯಲ್ಲಿ ರೇಡಿಯೇಟರಿನ ಬಾಯಿ ಅತಿ ಎತ್ತರದ ಜಾಗವಾಗಿರಬೇಕು, ರ‍್ಯಾಂಪಿನ ನಿಜವಾದ ಕೆಲಸ ಅದು. ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಆಲಿಕೆ ಸಿಗುತ್ತದೆ; ಅದನ್ನು ಹಾಕಿದರೆ ನೀರಿನ ಮಟ್ಟ ಇನ್ನೂ ಒಂದು ಗೇಣು ಮೇಲೇರುತ್ತದೆ. ಈ ಕೆಲಸಕ್ಕೆ ಒಂದೇ ಒಂದು ಸಲಕರಣೆ ಕೊಳ್ಳುವಿರಾದರೆ ಅದನ್ನು ಕೊಳ್ಳಿ.

ಬಸಿಯುವ ತಿರುಪನ್ನು ಕೈಬಿಗಿಗೆ ಮುಚ್ಚಿ. ಆಲಿಕೆಯಲ್ಲಿ ಸಣ್ಣ ಧಾರೆಯಾಗಿ ಸುರಿಯಿರಿ, ಲೀಟರಿಗೆ ಎರಡು ನಿಮಿಷವಾದರೂ ಹಿಡಿಯಲಿ. ಸುರಿಯುತ್ತಲೇ ಮೇಲಿನ ಹೋಸನ್ನು ಹಸುವಿನ ಹಾಲು ಕರೆಯುವಂತೆ ಹಿಂಡುತ್ತಾ ಬಿಡುತ್ತಾ ಇರಿ. ದೊಡ್ಡ ದೊಡ್ಡ ಗುಳ್ಳೆಗಳು ಗುಳುಗುಳು ಎಂದು ಮೇಲೆ ಬರುತ್ತವೆ. ಈ ಹತ್ತು ನಿಮಿಷದ ತಾಳ್ಮೆ ಮುಂದಿನ ಅರ್ಧ ಗಂಟೆಯನ್ನು ಉಳಿಸುತ್ತದೆ.

ಬ್ಯಾಟರಿ ತಂತಿಯನ್ನು ಇನ್ನೂ ಜೋಡಿಸಿರದಿದ್ದರೆ ಈಗ ಜೋಡಿಸಿ. ಕಾರು ಬಯಲಿನಲ್ಲಿರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಇಂಗಾಲದ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಆಲಿಕೆಯಲ್ಲಿ ಕಾಲು ಭಾಗ ಕೂಲಂಟ್ ನಿಂತಿರುವಾಗ ಎಂಜಿನ್ ಚಾಲೂ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿಯ ವೇಗ ಕಡಿಮೆ ಇಡಿ. ಹಲವು ಕಾರುಗಳಲ್ಲಿ ಹೀಟರಿನ ನೀರಿನ ಕವಾಟ ತೆರೆಯುವುದೇ ಆಗ. ಯಾವ ಕಾರಿನಲ್ಲಾದರೂ ಕೈಗೆ ತಾಗುವ ಬಿಸಿಗಾಳಿಯೇ ನೀರು ಅಲ್ಲಿಗೆ ತಲುಪಿದ್ದಕ್ಕೆ ಪುರಾವೆ. ನನ್ನ ಮಗಳು ಚಾಲಕನ ಸೀಟಿನಲ್ಲಿ ಕೂತು ತಾಪಮಾನದ ಮುಳ್ಳನ್ನು ಕಾಯುತ್ತಾಳೆ. ಒಬ್ಬರೇ ಇದ್ದರೆ ನಿಮಿಷಕ್ಕೊಮ್ಮೆ ಹೋಗಿ ನೋಡಲೇಬೇಕು.

ಮೊದಲ ಹತ್ತು ನಿಮಿಷ ಹೆಚ್ಚೇನೂ ಆಗುವುದಿಲ್ಲ. ಅಲ್ಲೊಂದು ಇಲ್ಲೊಂದು ಗುಳ್ಳೆ, ಮಟ್ಟ ಸ್ವಲ್ಪ ಇಳಿಯುತ್ತದೆ, ನೀವು ಸ್ವಲ್ಪ ಸೇರಿಸುತ್ತೀರಿ. ಮೇಲಿನ ಹೋಸು ಮುಟ್ಟಿದರೆ ಇನ್ನೂ ತಣ್ಣಗೆ. ಸುಮಾರು 88 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತದೆ. ಆ ಕ್ಷಣ ತಪ್ಪದೆ ಗೊತ್ತಾಗುತ್ತದೆ: ಹೋಸು ಒಮ್ಮೆಲೇ ಬಿಸಿಯಾಗುತ್ತದೆ, ಆಲಿಕೆಯಲ್ಲಿದ್ದದ್ದನ್ನು ಯಾರೋ ಗುಟುಕರಿಸಿದಂತೆ ಮಟ್ಟ ಕುಸಿಯುತ್ತದೆ, ಹಿಂದೆಯೇ ಒಂದು ದೊಡ್ಡ ಗುಳ್ಳೆ ಉಕ್ಕುತ್ತದೆ. ಬೆರೆಸಿದ ಕೂಲಂಟ್ ಕೈಯಲ್ಲಿ ಸಿದ್ಧವಿರಲಿ. ಆಲಿಕೆಯ ಮೇಲೆ ಮುಖ ಬಗ್ಗಿಸಿ ನೋಡಬೇಡಿ, ಕನ್ನಡಕ ಹಾಕಿಕೊಳ್ಳಿ.

ಈಗ ಎಂಜಿನ್ನಿನ ವೇಗವನ್ನು ನಿಮಿಷಕ್ಕೆ 2000ದಿಂದ 2500 ಸುತ್ತಿಗೆ ಏರಿಸಿ ಅರ್ಧ ನಿಮಿಷ ಹಿಡಿದು, ಬಿಡಿ. ಏರಿಸಿದಾಗ ಪಂಪು ಎಳೆದುಕೊಂಡು ಮಟ್ಟ ಇಳಿಯುತ್ತದೆ. ಬಿಟ್ಟಾಗ ಮಟ್ಟ ಮೇಲೇರಿ ಗುಳ್ಳೆಗಳು ಹೊರಬೀಳುತ್ತವೆ. ಐದಾರು ಸಲ ಹೀಗೆ ಮಾಡಿ, ನಡುನಡುವೆ ಎರಡೂ ಹೋಸುಗಳನ್ನು ದಪ್ಪ ಕೈಗವಸು ಹಾಕಿಕೊಂಡು ಹಿಂಡಿ. ಫ್ಯಾನಿನ ಅಲಗುಗಳಿಂದ ಕೈ, ತೋಳು, ಬಟ್ಟೆ ದೂರವಿರಲಿ. ಅದು ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. "ಅಪ್ಪಾ, ಫ್ಯಾನ್ ಬಂತು" ಎಂದು ಮಗಳು ಕೂಗಿದಾಗ ನನಗೆ ಅರ್ಧ ನಿರಾಳ. ನೀರು ನಿಜವಾಗಿಯೂ ಸೆನ್ಸರನ್ನು ಮುಟ್ಟಿದೆ ಎಂದು ಆಗ ಖಾತ್ರಿಯಾಗುತ್ತದೆ. ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಓಡಲಿ.

ಮುಳ್ಳು ಎಂದಿನ ಜಾಗ ದಾಟಿ ಏರುತ್ತಿದ್ದು ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಒಳಗೆ ದೊಡ್ಡ ಗುಳ್ಳೆ ಕೂತಿದೆ. ಪೂರ್ತಿ ತಣಿಸಿ, ಹೋಸು ಹಿಂಡಿ, ಮತ್ತೆ ಮೊದಲಿನಿಂದ. ಐದು ನಿಮಿಷ ಒಂದು ಗುಳ್ಳೆಯೂ ಬರದೆ, ಹೀಟರ್ ಸಮನಾಗಿ ಬಿಸಿ ಊದುತ್ತಿದ್ದರೆ ಕೆಲಸ ಆಯಿತು. ಎಂಜಿನ್ ನಿಲ್ಲಿಸಿ ತಣಿಯಲು ಬಿಡಿ, ಆಲಿಕೆ ತೆಗೆಯಿರಿ, ಕತ್ತಿನವರೆಗೆ ತುಂಬಿ, ಮುಚ್ಚಳ ಹಾಕಿ. ಮುಚ್ಚಳದ ರಬ್ಬರ್ ಒಣಗಿ ಸೀಳಿದ್ದರೆ ಹೊಸದೇ ಹಾಕಿ. ಪಕ್ಕದ ತೊಟ್ಟಿಯನ್ನು ಮೇಲಿನ ಗೆರೆಯವರೆಗೆ ತುಂಬಿಸಿ.

ಅರ್ಧ ಗಂಟೆಯಾದರೂ ಷಾಂಪೇನಿನಂಥ ಸಣ್ಣ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಅದು ಸಿಕ್ಕಿಬಿದ್ದ ಗಾಳಿ ಆಗಿರಲಾರದು. ಬ್ಲಾಕ್ ಮತ್ತು ಹೆಡ್ಡಿನ ನಡುವಿನ ಹೆಡ್ ಗ್ಯಾಸ್ಕೆಟ್ ದಾಟಿ ದಹನದ ಅನಿಲ ನೀರಿಗೆ ಸೇರುತ್ತಿರಬಹುದು. ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಒಂದು ಸರಳ ಪರೀಕ್ಷೆಯಿದೆ. ದ್ರವ ಹಳದಿಯಾದರೆ ಅನುಮಾನ ನಿಜ. ಅಲ್ಲಿಗೆ ಈ ಲೇಖನದ ಕೆಲಸ ನಿಲ್ಲಿಸಿ ಹೆಡ್ ಬಿಚ್ಚಬಲ್ಲವರ ಬಳಿ ಹೋಗಿ.

ಎಂಜಿನ್ ಸೀಟಿನ ಹಿಂದಿರುವ ಟೊಯೊಟಾ ಎಂಆರ್2 ಅಥವಾ ಎಂಜಿಎಫ್ ಇರುವವರಿಗೆ ಇದೇ ಕೆಲಸ ಹೆಚ್ಚು ಶ್ರಮದ್ದು. ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಬೆನ್ನಲ್ಲಿ, ನಡುವೆ ನೆಲದಡಿ ಉದ್ದನೆಯ ಕೊಳವೆಗಳು. ಅವುಗಳಲ್ಲಿ ಗಾಳಿ ಬಿಡಲೆಂದೇ ರೇಡಿಯೇಟರ್ ಮತ್ತು ಹೀಟರ್ ಬಳಿ ತಿರುಪುಗಳನ್ನು ಕೊಟ್ಟಿರುತ್ತಾರೆ. ಎಂಆರ್2ರಲ್ಲಿ ಅವಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಎತ್ತರಕ್ಕೆ ಕಟ್ಟಿ, ಒಳಗಿನ ಮಟ್ಟವನ್ನು ನೋಡುತ್ತಾ ತುಂಬುತ್ತಾರೆ. ಇಂಥ ಕಾರುಗಳಿಗೆ ಒಳಗಿನ ಗಾಳಿಯನ್ನೆಲ್ಲ ಮೊದಲೇ ಹೀರಿ ತೆಗೆದು ಆಮೇಲೆ ಕೂಲಂಟ್ ಎಳೆದುಕೊಳ್ಳುವ ನಿರ್ವಾತ ಸಲಕರಣೆಯೇ ಒಳ್ಳೆಯದು. ಹೀರುವಾಗ ಹೋಸುಗಳು ಚಪ್ಪಟೆಯಾಗುತ್ತವೆ, ಗಾಬರಿಯಾಗಬೇಡಿ.

ಮರುದಿನ ಬೆಳಿಗ್ಗೆ

ಹದಿನೈದು ಕಿಲೋಮೀಟರ್ ಓಡಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಎರಡು ಮಟ್ಟ ನೋಡಿ. ರೇಡಿಯೇಟರ್ ಕತ್ತಿನವರೆಗೆ ತುಂಬಿದ್ದು ಪಕ್ಕದ ತೊಟ್ಟಿಯಲ್ಲಿ ಸ್ವಲ್ಪ ಇಳಿದಿದ್ದರೆ ಎಲ್ಲ ಸರಿಯಿದೆ. ಉಳಿದಿದ್ದ ಚೂರು ಗಾಳಿ ಬಿಸಿಯಲ್ಲಿ ಹೊರಗೆ ಹೋಗಿ, ತಣಿದಾಗ ಅದರ ಜಾಗಕ್ಕೆ ತೊಟ್ಟಿಯ ಕೂಲಂಟ್ ಬಂದಿದೆ. ತೊಟ್ಟಿಯ ಮಟ್ಟ ಹಾಗೆಯೇ ಇದ್ದು ರೇಡಿಯೇಟರ್ ಇಳಿದಿದ್ದರೆ ಮುಚ್ಚಳದ ಕವಾಟ ಅಥವಾ ಅವೆರಡನ್ನು ಜೋಡಿಸುವ ಸಣ್ಣ ಹೋಸು ಗಾಳಿ ಎಳೆಯುತ್ತಿದೆ. ಎರಡೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಹುಡುಕಲೇಬೇಕು.

ಹುಡುಕಲು ಟಾರ್ಚ್ ಮತ್ತು ಬಿಳಿ ಟಿಶ್ಯೂ ಕಾಗದ ಸಾಕು. ಪ್ರತಿ ಹೋಸಿನ ತುದಿಗೂ ಕಾಗದವನ್ನು ಒತ್ತಿ ನೋಡುತ್ತಾ ಹೋಗಿ. ನನ್ನ ಕಾರಿನಲ್ಲಿ ಕೆಳಗಿನ ಹೋಸಿನ ಬುಡಕ್ಕೆ ಒತ್ತಿದ ಕಾಗದದ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಮೂಡಿತು. ಹಿಂದಿನ ವಾರ ಆ ಜಾಗದಲ್ಲಿ ಬೆರಳು ದಪ್ಪ ಜಿಡ್ಡು ಇತ್ತು. ಸ್ಪ್ರಿಂಗ್ ಕ್ಲಿಪ್ ಕತ್ತಿನ ಉಬ್ಬಿನ ಮೇಲೆಯೇ ಕೂತುಬಿಟ್ಟಿತ್ತು. ಇಕ್ಕಳದಿಂದ ಅದನ್ನು ಉಬ್ಬಿನ ಹಿಂದಕ್ಕೆ ನಾಲ್ಕು ಮಿಲಿಮೀಟರ್ ಸರಿಸಿ, ಒರೆಸಿ, ಮತ್ತೆ ಹದಿನೈದು ಕಿಲೋಮೀಟರ್ ಓಡಿಸಿದೆ. ಮಾರನೆಯ ಬೆಳಿಗ್ಗೆ ಅಲ್ಲಿಗೆ ಒತ್ತಿದ ಕಾಗದ ಬಿಳಿಯಾಗಿಯೇ ಮರಳಿತು.